ಒಪ್ಪಿಸಬೇಕಿಲ್ಲದ ಎರಡು ದಿನ

ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬೋಧನಾಭ್ಯಾಸದ ಅನುಭವ, ಪಾಠೋಪಕರಣಗಳ ತಯಾರಿ, ಮೌಲ್ಯಮಾಪನದ ಬಗೆಗಳು ಇವುಗಳ ಕುರಿತು ಬರೆಯುತ್ತೇವೆ. ನಾನು ಈ ಸಲ ಬೇಸಿಗೆ ರಜೆಯ ಒಂದು ಶನಿವಾರ ಮತ್ತು ಒಂದು ಭಾನುವಾರದ ಬಗ್ಗೆ ಬರೆಯುತ್ತಿದ್ದೇನೆ. ಆ ಎರಡು ದಿನ ನಾನು ಮಾಡಿದ್ದು ಇಷ್ಟೇ: ಕಲಬುರಗಿ ಕೋಟೆಗೆ ಹೋಗಿ ಬಂದೆ, ಕಮಲಾಪುರಕ್ಕೆ ಹೋಗಿ ಬಂದೆ, ನಡುನಡುವೆ ಉಲ್ಲನ್ ಹೆಣೆದೆ. ಇದರಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ್ದು ಏನಿದೆ ಎಂದು ಕೇಳುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಜೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಮಕ್ಕಳಿಗೆ ನಾವು ಕೊಡುವ ಬರವಣಿಗೆ, ಅದರಲ್ಲೂ ರಜೆಯ ಬಗ್ಗೆಯೇ ಬರೆಸುವ ಪ್ರಬಂಧ ಮತ್ತು ಚಿತ್ರ ಅಂಟಿಸಿದ ಯೋಜನಾ ಕಾರ್ಯ, ನಿಲ್ಲಬೇಕು. ಅಂಥದ್ದನ್ನು ಕೊಟ್ಟವರಲ್ಲಿ ನಾನೂ ಒಬ್ಬಳು. ಆದ್ದರಿಂದ ಯಾರ ಮೇಲೂ ತಪ್ಪು ಹೊರಿಸಲು ಹೊರಟಿಲ್ಲ.

ನಮ್ಮ ಕಡೆಯ ಬೇಸಿಗೆಯನ್ನು ಇಲ್ಲಿನವರಿಗೆ ವಿವರಿಸಬೇಕಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 42 ಡಿಗ್ರಿ ಮುಟ್ಟಿದ ದಿನ ಹೊರಗೆ ಹೋಗುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ ಬರಬೇಕು, ಇಲ್ಲವಾದರೆ ಸಂಜೆ ಐದು ದಾಟಬೇಕು. ನಡುವಿನ ಏಳು ತಾಸು ಫ್ಯಾನಿನ ಕೆಳಗೆ. ಆ ಏಳು ತಾಸಿಗಾಗಿಯೇ ನಾನು ಹೆಣಿಗೆ ಕಲಿಯಲು ಕೂತದ್ದು. ಆಗಸ್ಟ್‌ನಲ್ಲಿ ನಮ್ಮ ಅಕ್ಕನ ಹೆರಿಗೆ. ಹುಟ್ಟುವ ಕೂಸಿಗೆ ಒಂದು ಕುಲಾಯಿ ನನ್ನ ಕೈಯಿಂದಲೇ ಆಗಲಿ ಎಂಬ ಆಸೆ. ಸೂಪರ್ ಮಾರ್ಕೆಟ್‌ನಲ್ಲಿ ಉಲ್ಲನ್ ಉಂಡೆ ಕೇಳಿದರೆ ಅಂಗಡಿಯವರು ನಕ್ಕರು. “ಈ ಬ್ಯಾಸಗ್ಯಾಗ ಉಲ್ಲನ್ ಯಾರ್ ಕೇಳ್ತಾರ್ರಿ ಅಕ್ಕಾರ?” ಎನ್ನುತ್ತಲೇ ಮೇಲಿನ ಹಲಗೆಯಿಂದ ಧೂಳು ಹಿಡಿದ ಚೀಲ ಇಳಿಸಿ, ತಿಳಿ ಹಳದಿ ಬಣ್ಣದ ಎರಡು ಉಂಡೆ ಕೊಟ್ಟರು.

ಕಲಿಸಿದವರು ನಮ್ಮ ಎದುರು ಮನೆಯ ಖಾಲಾ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ಆದರೆ ಹೆಣಿಗೆಯ ಮಾತುಗಳೆಲ್ಲ ಅವರ ಮನೆಮಾತಿನವು. ಕಡ್ಡಿಗೆ ಸಲಾಯಿ, ಕುಣಿಕೆಗೆ ಫಂದಾ, ಎರಡು ಬಗೆಯ ಕುಣಿಕೆಗಳಿಗೆ ಸೀದಾ ಮತ್ತು ಉಲ್ಟಾ. ಇಡೀ ಹೆಣಿಗೆ ನಿಂತಿರುವುದು ಈ ಸೀದಾ, ಉಲ್ಟಾ ಎರಡರ ಮೇಲೆಯೇ. ಅವೂ ನಿಜಕ್ಕೂ ಎರಡಲ್ಲ. ಸೀದಾ ಕುಣಿಕೆಯನ್ನು ಬಟ್ಟೆಯ ಹಿಂದಿನಿಂದ ನೋಡಿದರೆ ಅದೇ ಉಲ್ಟಾ. ಇದು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಗಣಿತದಲ್ಲಿ ಸಮಮಿತಿ ಪಾಠವನ್ನು ಎರಡು ಸಲ ಮಾಡಿದವಳು ನಾನು.

ಖಾಲಾ ಕಲಿಸಿದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಪಾಠಯೋಜನೆ ಬರೆದಿದ್ದರೆ ಮೊದಲ ಹಂತ ಕಡ್ಡಿಯ ಮೇಲೆ ಕುಣಿಕೆ ಏರಿಸುವುದೇ ಆಗಿರುತ್ತಿತ್ತು, ಏಕೆಂದರೆ ಹೆಣಿಗೆ ಶುರುವಾಗುವುದು ಅಲ್ಲಿಂದ. ಆದರೆ ಹೊಸಬರ ಕೈಗೆ ಅತಿ ಕಷ್ಟದ ಕೆಲಸವೂ ಅದೇ. ಖಾಲಾ 20 ಕುಣಿಕೆ ತಾವೇ ಏರಿಸಿ, ನಾಲ್ಕು ಸಾಲು ತಾವೇ ಹೆಣೆದು, ಐದನೇ ಸಾಲಿನ ನಡುವೆ ಕಡ್ಡಿಗಳನ್ನು ನನ್ನ ಕೈಗಿಟ್ಟರು. “ಹ್ಞಾಂ, ಮುಂದ ಹೋಗು.” ಅಷ್ಟೇ ಪೀಠಿಕೆ. ಆಗಲೇ ರೂಪ ಪಡೆದಿದ್ದ ಬಟ್ಟೆಯೊಂದು ಕೈಯಲ್ಲಿತ್ತು. ಮುಂದಿನ ಕುಣಿಕೆ ಹಿಂದಿನದರ ಹಾಗೆ ಕಾಣಬೇಕು ಎಂಬುದು ಹೇಳದೆಯೇ ತಿಳಿಯುತ್ತಿತ್ತು. ಕುಣಿಕೆ ಏರಿಸುವುದನ್ನು ಅವರು ಹೇಳಿಕೊಟ್ಟದ್ದು ಒಂಬತ್ತನೇ ದಿನ, ನಾನೇ ಕೇಳಿದ ಮೇಲೆ.

ನಮ್ಮ ಪಠ್ಯದಲ್ಲಿ ಬರುವ ಸಾಂದರ್ಭಿಕ ಕಲಿಕೆಯ ಜೀನ್ ಲೇವ್ ನೆನಪಾದರು. 1970ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಬಳಿ ಕೆಲಸ ಕಲಿಯುವ ಹುಡುಗರನ್ನು ಗಮನಿಸಿದ ಮಾನವಶಾಸ್ತ್ರಜ್ಞೆ ಅವರು. ಅಲ್ಲಿ ಹುಡುಗರು ಮೊದಲು ಕಲಿಯುತ್ತಿದ್ದದ್ದು ಗುಂಡಿ ಹಚ್ಚುವುದು, ಅಂಚು ಮಡಚುವುದು. ಆಮೇಲೆ ಹೊಲಿಗೆ. ಎಲ್ಲಕ್ಕಿಂತ ಕೊನೆಗೆ ಬಟ್ಟೆ ಕತ್ತರಿಸುವುದು. ಅಂಗಿ ತಯಾರಾಗುವ ಕ್ರಮ ಒಂದು, ಅಂಗಿ ಮಾಡಲು ಕಲಿಯುವ ಕ್ರಮ ಅದಕ್ಕೆ ತಿರುಗುಮುರುಗು. ಪರೀಕ್ಷೆಯಲ್ಲಿ ಇದನ್ನು ಬರೆದಿದ್ದೇನೆ. ಹಾಗೆಯೇ 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯವರ ನಯೀ ತಾಲೀಮ್, ಕಸುಬನ್ನು ಕೇಂದ್ರವಾಗಿಟ್ಟುಕೊಂಡ ಶಿಕ್ಷಣ, ಇದನ್ನೆಲ್ಲ ಹತ್ತು ಅಂಕದ ಪ್ರಶ್ನೆಗೆ ಬರೆದಿದ್ದೇನೆ. ತಕಲಿ ಮಾತ್ರ ಇವತ್ತಿನವರೆಗೆ ಕೈಯಲ್ಲಿ ಹಿಡಿದಿಲ್ಲ.

ಇನ್ನೊಂದು ತಪ್ಪಿನ ವಿಷಯ. ಕುಲಾಯಿಗೆಂದು 72 ಕುಣಿಕೆ ಏರಿಸಿ ಶುರು ಮಾಡಿದೆ. ಹತ್ತು ಸಾಲು ಆದ ಮೇಲೆ ಎಣಿಸಿದರೆ 76! ನಾಲ್ಕು ಎಲ್ಲಿಂದ ಬಂದವೋ ತಿಳಿಯಲಿಲ್ಲ. ಸೀದಾದಿಂದ ಉಲ್ಟಾಕ್ಕೆ ಬರುವಾಗ ನೂಲನ್ನು ಕಡ್ಡಿಗಳ ನಡುವಿನಿಂದ ಹಿಂದೆ ಮುಂದೆ ತರಬೇಕು. ಮರೆತು ಕಡ್ಡಿಯ ಮೇಲಿಂದ ತಂದರೆ ತಾನಾಗಿ ಒಂದು ಕುಣಿಕೆ ಹೆಚ್ಚಾಗುತ್ತದೆ, ಅದರ ಕೆಳಗೆ ಸಣ್ಣದೊಂದು ತೂತು ಉಳಿಯುತ್ತದೆ. ಖಾಲಾ ಎಣಿಸಲಿಲ್ಲ. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗಿ ನಾಲ್ಕು ಕಡೆ ನಿಲ್ಲಿಸಿದರು. ನಾಲ್ಕೂ ತೂತು ನನಗೇ ಕಂಡವು. ಆಮೇಲೆ ಹೇಳಿದರು: “ಬಿಚ್ಚು ಬೇಟಾ. ಅಳ್ತಿ ಯಾಕ? ನೂಲು ಎಲ್ಲಿ ಹೋತದ?”

ಅಳುತ್ತಿರಲಿಲ್ಲ. ಆದರೆ ಎರಡು ಮಧ್ಯಾಹ್ನದ ಕೆಲಸ ಎರಡು ನಿಮಿಷದಲ್ಲಿ ಸುರುಳಿ ಸುರುಳಿ ನೂಲಾಗಿ ಮಡಿಲಲ್ಲಿ ಬಿದ್ದಾಗ ಮುಖ ಹಾಗೆ ಆಗಿರಬೇಕು. ಆ ಕುಲಾಯಿಯನ್ನು ಒಟ್ಟು ಐದು ಸಲ ಬಿಚ್ಚಿದ್ದೇನೆ. ಯಾರೂ ಬರೆದುಕೊಳ್ಳಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೋಧನಾಭ್ಯಾಸದ ನನ್ನ ಮೊದಲ ಪಾಠದಲ್ಲಿ ಕಪ್ಪು ಹಲಗೆಯ ಮೇಲೆ ಸಮೀಕರಣ ತಪ್ಪಾಗಿ ಬರೆದು ಒರೆಸಿದ್ದು ಇಂದಿಗೂ ನನ್ನ ಅವಲೋಕನ ಪುಸ್ತಕದ ಮೊದಲ ಪುಟದಲ್ಲಿದೆ, ದಿನಾಂಕ ಸಹಿತ. ಬರೆದವರು ತಪ್ಪು ಮಾಡಿದರೆಂದು ಹೇಳುತ್ತಿಲ್ಲ. ಅವಲೋಕನ ಪುಸ್ತಕ ಇರುವುದೇ ಅದಕ್ಕೆ. ಆದರೆ ಅದಾದ ಮೇಲಿನ ಹತ್ತು ಪಾಠಗಳಲ್ಲಿ ನಾನು ಹಲಗೆಯ ಮೇಲೆ ಬರೆಯುವುದನ್ನೇ ಕಡಿಮೆ ಮಾಡಿ, ಬರೆದು ತಂದ ಚಾರ್ಟ್ ತೂಗುಹಾಕತೊಡಗಿದೆ. ತಪ್ಪು ಕಡಿಮೆಯಾಯಿತು, ಕಲಿಸುವುದೂ ಕಡಿಮೆಯಾಯಿತು.

ಶನಿವಾರ ಬೆಳಿಗ್ಗೆ ಆರೂವರೆಗೆ ಕೋಟೆಗೆ ಹೋದೆವು, ನಾನು ಮತ್ತು ಖಾಲಾನ ಮಗಳು. ನಮ್ಮೂರವರೇ ಆದರೂ ನಾನು ಒಳಗೆ ಸರಿಯಾಗಿ ತಿರುಗಾಡಿದ್ದು ಹೈಸ್ಕೂಲಿನಲ್ಲಿದ್ದಾಗ, ಸಾಲಾಗಿ ನಿಂತು, ಮಾತಾಡಬೇಡಿ ಎಂದು ಹೇಳಿಸಿಕೊಂಡು. ಒಳಗಿನ ಜಾಮಿಯಾ ಮಸೀದಿ 1367ರದ್ದು. ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಮಾಡು ಇದೆ. ಅಗಲವಾದ, ಗಿಡ್ಡ ಕಂಬದ ಕಮಾನುಗಳು ಒಂದರ ಹಿಂದೆ ಒಂದು. ಮೇ ತಿಂಗಳಲ್ಲಿ ಒಳಗೆ ಕಾಲಿಟ್ಟರೆ ಮಾಡಿನ ಬೆಲೆ ತಿಳಿಯುತ್ತದೆ. ಹೊರಗಿನ ದೊಡ್ಡ ಫಿರಂಗಿಗೆ ಬಾರಾ ಗಜ್ ತೋಪ್ ಎಂದು ಹೆಸರು. ಹೆಸರಿನಲ್ಲಿ ಹನ್ನೆರಡು ಗಜ, ಉದ್ದ ಮಾತ್ರ ಸುಮಾರು 29 ಅಡಿ ಎನ್ನುತ್ತಾರೆ. ನಮ್ಮ ಗಜಕ್ಕೆ ಮೂರು ಅಡಿ, ಹನ್ನೆರಡಕ್ಕೆ 36 ಆಗಬೇಕು. ಹಾಗಾದರೆ ಆ ಗಜ ಎಷ್ಟು ಉದ್ದದ್ದು? ತಕ್ಷಣ ನನ್ನ ತಲೆ ಓಡಿತು: ಆರನೇ ತರಗತಿ, ಅಳತೆಯ ಏಕಮಾನಗಳು, ಕ್ಷೇತ್ರ ಭೇಟಿ, ಕಲಿಕಾ ಫಲ, ಹೆಜ್ಜೆಯಲ್ಲಿ ಅಳೆಯುವ ಚಟುವಟಿಕೆ. ಫೋನ್ ತೆಗೆದು ಟಿಪ್ಪಣಿ ಬರೆಯಲು ಶುರು ಮಾಡಿದೆ. ಖಾಲಾನ ಮಗಳು ಅಷ್ಟರಲ್ಲಿ ತೋಪಿನ ಮೇಲೆ ಕೈಯಿಟ್ಟು “ಅಯ್ಯೋ, ಈಗೇ ಕಾದದ” ಎಂದಳು. ಏಳೂವರೆ ಗಂಟೆಗೆ ಆ ಕಬ್ಬಿಣ ಬಿಸಿಯಾಗಿತ್ತು. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಸಂಜೆ ಅಪ್ಪನ ಕೆರೆಯ ದಂಡೆ, ಶರಣಬಸವೇಶ್ವರ ಗುಡಿ, ಒಂದು ಪ್ಲೇಟ್ ಮಿರ್ಚಿ ಭಜಿ. ಅದರ ಬಗ್ಗೆ ಬರೆಯುವುದೇನಿಲ್ಲ, ಚೆನ್ನಾಗಿತ್ತು.

ಭಾನುವಾರದ ಮಾತಿಗೆ ಬರುವ ಮುನ್ನ ಹೋದ ದಸರಾ ರಜೆಗೆ ಹೋಗಬೇಕು. ಆಗ ನನ್ನ ಬೋಧನಾಭ್ಯಾಸ ಕಮಲಾಪುರದ ಒಂದು ಶಾಲೆಯಲ್ಲಿ, ಏಳನೇ ತರಗತಿಗೆ ವಿಜ್ಞಾನ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಒಂದು ಯೋಜನಾ ಕಾರ್ಯ ಬೇಕಿತ್ತು. ‘ರಜೆಯಲ್ಲಿ ನಾನು ನೋಡಿದ ಸ್ಥಳ ಮತ್ತು ಅಲ್ಲಿ ಕಂಡ ವಿಜ್ಞಾನ’ ಎಂಬ ವಿಷಯ ಕೊಟ್ಟೆ. ವಿಷಯ ಹೊಸದಾಗಿದೆ ಎಂದು ಮಾರ್ಗದರ್ಶಿ ಶಿಕ್ಷಕರೂ ಮೆಚ್ಚಿದರು. ರಜೆ ಮುಗಿದ ಮೇಲೆ 34 ಪುಸ್ತಕ ಬಂದವು. ಅದರಲ್ಲಿ 11 ಮಕ್ಕಳು ಮೈಸೂರು ಅರಮನೆಗೆ ಹೋಗಿದ್ದರು. ಹನ್ನೊಂದರಲ್ಲೂ ಅರಮನೆಗೆ ಸುಮಾರು ಒಂದು ಲಕ್ಷ ದೀಪಗಳಿವೆ ಎಂಬ ವಾಕ್ಯ, ಅಲ್ಪವಿರಾಮದ ಸಮೇತ ಒಂದೇ ಥರ. ನಗು ಬಂತು. ನಕ್ಕು, ಅಕ್ಷರ ಚೆಂದ ಇದ್ದವರಿಗೆ ಎಂಟು, ಚಿತ್ರ ಅಂಟಿಸಿದವರಿಗೆ ಒಂಬತ್ತು, ಉಳಿದವರಿಗೆ ಏಳು ಹಾಕಿದೆ. ಆ ದಿನ ನನಗೆ ಹೊಳೆದದ್ದು ಮಕ್ಕಳು ನಕಲು ಮಾಡಿದ್ದಾರೆ ಎಂಬುದಷ್ಟೇ. ಯಾಕೆ ಮಾಡಿದರು ಎಂದು ಕೇಳಿಕೊಳ್ಳಲಿಲ್ಲ.

ಈ ಭಾನುವಾರ ಕಮಲಾಪುರಕ್ಕೆ ಹೋದದ್ದು ಗೆಳತಿಯ ಮನೆಗೆ ಮತ್ತು ಅಕ್ಕನಿಗೆ ಕೆಂಪು ಬಾಳೆಹಣ್ಣು ತರಲು. ಬೆಳಿಗ್ಗೆ ಏಳರ ಹುಮನಾಬಾದ್ ಬಸ್ಸು, ಶೂನ್ಯ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹುಡುಗಿಯರಿಗೆ ಇಂಥ ಒಂದು ದಿನದ ತಿರುಗಾಟ ಮನೆಯಲ್ಲಿ ಹಣ ಕೇಳದೆ ಸಾಧ್ಯವಾಗಿದೆ, ಇದನ್ನು ಹೇಳಲೇಬೇಕು. ಕಿಟಕಿ ಸೀಟು ಸಿಕ್ಕಿತು. ಕಡ್ಡಿ ತೆಗೆದು ಹೆಣೆಯುತ್ತ ಹೋದೆ. ಪಕ್ಕದ ಅಜ್ಜಿ ಕಮಲಾಪುರದವರೆಗೂ ನನ್ನ ಕೈ ನೋಡುತ್ತಲೇ ಇದ್ದರು.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಸಿಕ್ಕಿದೆ ಎಂಬುದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಬರುತ್ತದೆ. ಗುಡ್ಡದ ಬುಡದ ಕೆಂಪು ನೆಲ, ಸಾಕಷ್ಟು ಗೊಬ್ಬರ, ಮತ್ತು ಕಾಯುವಿಕೆ. ಬೆಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅದಕ್ಕೇ ಬೆಲೆ ಜಾಸ್ತಿ. ರಸ್ತೆ ಬದಿಯಲ್ಲಿ ಗೊನೆ ತೂಗುಹಾಕಿ ಮಾರುವವರ ಸಾಲಿನಲ್ಲಿ ಒಂದು ಕಡೆ ನಿಂತೆ. ಗೊನೆಯ ಹಿಂದಿನಿಂದ “ಟೀಚರ್, ನಮಸ್ಕಾರ್ರಿ” ಎಂದು ಧ್ವನಿ ಬಂತು. ನನ್ನ ಏಳನೇ ತರಗತಿಯ ಹುಡುಗ. ಪಕ್ಕದಲ್ಲಿ ಅವನ ಆಯಿ.

“ನೀ ಇಲ್ಲಿ ಏನ್ ಮಾಡ್ಲತ್ತಿ?”

“ಸೂಟಿ ಇದ್ದಾಗ ಇಲ್ಲೇ ಇರ್ತೀನ್ರಿ. ಆಯಿಗಿ ತೂಕ ಮಾಡಕ್ ಆಗಲ್ಲರಿ.”

“ದಸರಾ ಸೂಟ್ಯಾಗೂ ಇಲ್ಲೇ ಇದ್ದ್ಯಾ?”

ಕೇಳಿದ ಮೇಲೆ ನನಗೇ ನೆನಪಾಯಿತು, ಹನ್ನೊಂದು ಅರಮನೆಗಳಲ್ಲಿ ಒಂದು ಇವನದು. ಚಿತ್ರ ಅಂಟಿಸಿದ್ದ, ಒಂಬತ್ತು ಕೊಟ್ಟಿದ್ದೆ. ಅವನಿಗೂ ನೆನಪಾಗಿರಬೇಕು. ಕೆಳಗೆ ನೋಡಿ ಹೇಳಿದ: “ಅದು ಗೈಡ್‌ನ್ಯಾಗ ನೋಡಿ ಬರದಿದ್ದೆರಿ ಟೀಚರ್. ನನ್ ಹತ್ರ ನೋಡಿದ್ ಸ್ಥಳ ಇರ್ಲಿಲ್ಲರಿ.”

ಈ ವಾಕ್ಯವನ್ನು ನಾನು ಇನ್ನೂ ಮರೆತಿಲ್ಲ. ಪುಸ್ತಕ ಇರಲಿಲ್ಲ, ಪೆನ್ನು ಇರಲಿಲ್ಲ ಎನ್ನುವ ದನಿಯಲ್ಲೇ ಅವನು ಹೇಳಿದ್ದು. ನಾನು ಕೇಳಿದ ಸಾಮಾನು ಅವನ ಬಳಿ ಇರಲಿಲ್ಲ, ಆದ್ದರಿಂದ ಬೇರೆ ಕಡೆಯಿಂದ ತಂದು ಒಪ್ಪಿಸಿದ. ನಾನು ಅದಕ್ಕೆ ಅಂಕವನ್ನೂ ಕೊಟ್ಟೆ. ಸುಳ್ಳು ಬರೆಯಲು ಕಲಿಸಿದವರು ಯಾರು ಎಂದು ಹುಡುಕಲು ದೂರ ಹೋಗಬೇಕಿಲ್ಲ.

ಮಾತು ಬದಲಿಸಲೆಂದು ಹಣ್ಣಾದ ಗೊನೆ ಯಾವುದು ಎಂದು ಕೇಳಿದೆ. ಹುಡುಗ ಒಮ್ಮೆಲೇ ಬೇರೆಯಾದ. ಬಣ್ಣ ನೋಡಿ ಹೇಳಲು ಬರುವುದಿಲ್ಲ, ಇದು ಕಾಯಿದ್ದಾಗಲೂ ಕೆಂಪೇ ಎಂದ. ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಬೇಕಂತೆ. ನನ್ನ ಕೈಯಿಂದ ಒತ್ತಿಸಿದ. ಒಂದು ಗಟ್ಟಿ, ಒಂದು ಸ್ವಲ್ಪ ಕೊಡುತ್ತದೆ. ಇವತ್ತು ತಿನ್ನಲು ಯಾವುದು, ಕಲಬುರಗಿ ಮುಟ್ಟಿ ಎರಡು ದಿನ ಇಡಲು ಯಾವುದು ಎಂದು ಬೇರೆ ಬೇರೆ ಮಾಡಿ ಇಟ್ಟ. ಅಕ್ಟೋಬರ್‌ನಲ್ಲಿ ಇದೇ ಹುಡುಗನ ಮುಂದೆ ನಾನು ಭೌತ ಮತ್ತು ರಾಸಾಯನಿಕ ಬದಲಾವಣೆಯ ಪಾಠ ಮಾಡಿದ್ದೆ. ರಾಸಾಯನಿಕ ಬದಲಾವಣೆಗೆ ಉದಾಹರಣೆ: ಬಾಳೆಕಾಯಿ ಹಣ್ಣಾಗುವುದು. ಚಾರ್ಟಿನಲ್ಲಿ ಹಸಿರು ಕಾಯಿ, ಬಾಣದ ಗುರುತು, ಹಳದಿ ಹಣ್ಣು. ಕಮಲಾಪುರದಲ್ಲಿ ನಿಂತು! ಬಣ್ಣ ಬದಲಾಗುವುದೇ ಗುರುತು ಎಂದು ಎರಡು ಸಲ ಹೇಳಿಸಿದ್ದೆ. ಆ ಹುಡುಗನೂ ಎಲ್ಲರ ಜೊತೆ ಹೇಳಿದ್ದ.

ಇಲ್ಲಿಯವರೆಗಿನ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಪರಿಚಿತ ಜಾಡಿನಲ್ಲೇ ಇದೆ. ಮಗುವಿನ ಪರಿಸರದ ಜ್ಞಾನವನ್ನು ತರಗತಿಗೆ ತನ್ನಿ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ ಅದೇ, ರಚನಾವಾದವೂ ಅದೇ. ನನಗೂ ಹಾಗೇ ಅನ್ನಿಸಿತು. ಫೋನ್ ತೆಗೆದೆ. ಅವನ ಕೈ, ಗೊನೆ, ತೊಟ್ಟು ಇವುಗಳ ಫೋಟೊ ತೆಗೆದರೆ ಒಳ್ಳೆಯ ಪಾಠೋಪಕರಣ, ಮುಂದಿನ ಸಲ ಯೋಜನಾ ಕಾರ್ಯದ ವಿಷಯ ‘ನನ್ನ ಊರಿನ ಹಣ್ಣು’ ಎಂದು ಬದಲಿಸಿದರಾಯಿತು. ಫೋನ್ ನೋಡಿದ್ದೇ ಹುಡುಗ ಮಾತು ನಿಲ್ಲಿಸಿದ. ಕೈಯಲ್ಲಿದ್ದ ಹಣ್ಣನ್ನು ಚಿಪ್ಪಿನ ಮೇಲಿಟ್ಟ.

“ಇದೂ ಬರೀಬೇಕೇನ್ರಿ ಟೀಚರ್?”

ಫೋನ್ ಒಳಗಿಟ್ಟೆ. ಬ್ಯಾಡಪ್ಪ, ಏನೂ ಬರೆಯೋದಿಲ್ಲ ಅಂದೆ. ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಅಭಿಪ್ರಾಯ ಗಟ್ಟಿಯಾದದ್ದು ಈ ಪ್ರಶ್ನೆಯಿಂದ. ವಿಷಯ ಬದಲಿಸಿದರೆ ಸಾಲದು. ಅರಮನೆಯ ಬದಲು ಬಾಳೆ ಎಂದು ಕೊಟ್ಟರೆ ನಕಲು ಕಡಿಮೆಯಾಗಬಹುದು, ನಿಜ. ಆದರೆ ರಜೆಯಲ್ಲಿ ಅವನದೇ ಆಗಿರುವ ಒಂದು ವಿಷಯವನ್ನೂ ನಾವು ಒಪ್ಪಿಸಬೇಕಾದ ಸಾಮಾನು ಮಾಡಿಬಿಡುತ್ತೇವೆ. ಇನ್ನೊಂದು ಸೂಕ್ಷ್ಮವೂ ಇದೆ. ರಜೆಯ ಬಗ್ಗೆ ನಿಜ ಬರೆಯಿರಿ ಎಂದರೆ ಯಾರ ಮನೆಯಲ್ಲಿ ಯಾರು ದುಡಿಯುತ್ತಾರೆ, ಯಾರ ಅಪ್ಪ ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋಗಿದ್ದಾರೆ, ಯಾರು ಎಲ್ಲಿಗೂ ಹೋಗಲಿಲ್ಲ ಎಂಬುದನ್ನೆಲ್ಲ ಇಡೀ ತರಗತಿಯ ಮುಂದೆ ಹೇಳಿ ಎಂದ ಹಾಗಾಗುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಉದ್ಯೋಗಕ್ಕೆ ನೆರವಾಗಲು ಅವಕಾಶ ಕೊಟ್ಟಿದೆ. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಕಾನೂನಿಗೇ ಗೊತ್ತಿದೆ, ಬಹಳ ಮಕ್ಕಳ ರಜೆ ಖಾಲಿ ಇರುವುದಿಲ್ಲ ಎಂದು. ಪ್ರಶ್ನೆ ತಯಾರಿಸುವ ನಾವು ಮಾತ್ರ ರಜೆ ಅಂದರೆ ಪ್ರವಾಸ ಎಂದುಕೊಂಡಿದ್ದೇವೆ.

ಇದಕ್ಕೆ ನಮ್ಮ ಅಧ್ಯಾಪಕರೊಬ್ಬರು ಒಡ್ಡಿದ ಆಕ್ಷೇಪ ತೂಕದ್ದು. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಅಷ್ಟು ದಿನ ಪುಸ್ತಕ ಮುಟ್ಟದಿದ್ದರೆ ಮಕ್ಕಳು ಮರೆಯುತ್ತಾರೆ, ಅದರಲ್ಲೂ ಮನೆಯಲ್ಲಿ ಓದುವ ಸೌಕರ್ಯ ಇಲ್ಲದವರು. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಮಾಡಿದ ಅಧ್ಯಯನಗಳ ಅವಲೋಕನದಲ್ಲಿ ಬೇಸಿಗೆ ರಜೆಯಿಂದ ಸರಾಸರಿ ಒಂದು ತಿಂಗಳಷ್ಟು ಕಲಿಕೆ ಹಿಂದೆ ಬೀಳುತ್ತದೆ, ಗಣಿತದಲ್ಲಿ ಹೆಚ್ಚು ಎಂದು ಕಂಡಿತ್ತು. ಒಪ್ಪುತ್ತೇನೆ. ಆದರೆ ಆ ಮರೆವಿಗೆ ಅರಮನೆಯ ಪ್ರಬಂಧ ಮದ್ದಲ್ಲ. ನಮ್ಮಲ್ಲಿ ಶಾಲೆ ಶುರುವಾದ ಕೂಡಲೇ ಸೇತುಬಂಧ ಇರುವುದೇ ಅದಕ್ಕೆ. ಹಿಂದೆ ಬರಪೀಡಿತ ತಾಲೂಕುಗಳಲ್ಲಿ ಬೇಸಿಗೆಯಲ್ಲೂ ಬಿಸಿಯೂಟದ ಜೊತೆ ‘ಸ್ವಲ್ಪ ಓದು, ಸ್ವಲ್ಪ ಮೋಜು’ ಎಂಬ ಕಾರ್ಯಕ್ರಮ ನಡೆದದ್ದೂ ಇದೆ. ಅಲ್ಲಿ ಶಿಕ್ಷಕರು ಮಕ್ಕಳ ಜೊತೆ ಕೂತಿರುತ್ತಾರೆ, ಊಟವಿರುತ್ತದೆ. ಮನೆಗೆ ಒಂದು ವಿಷಯ ಕಳಿಸಿ, ಜೂನ್‌ನಲ್ಲಿ ಹಾಳೆ ಕೇಳುವುದಕ್ಕೂ ಅದಕ್ಕೂ ಬಹಳ ಅಂತರ. ಮಕ್ಕಳು ಓದಲಿ ಎಂದಿದ್ದರೆ ಶಾಲೆಯ ಗ್ರಂಥಾಲಯದ ಕಪಾಟು ತೆಗೆದು, ರಜೆಗೆ ಮುಂಚೆ ಎರಡೆರಡು ಕಥೆ ಪುಸ್ತಕ ಮನೆಗೆ ಕೊಟ್ಟು ಕಳಿಸೋಣ. ಸಾರಾಂಶ ಕೇಳುವುದು ಬೇಡ. ಹತ್ತು ಪುಸ್ತಕ ಕಳೆದುಹೋಗಬಹುದು. ಹೋಗಲಿ.

ಪ್ರಶಿಕ್ಷಣಾರ್ಥಿಗಳ ವಿಷಯದಲ್ಲಿ ಗುರುಗಳಲ್ಲಿ ಒಂದು ಸಣ್ಣ ವಿನಂತಿ. ಬೋಧನಾಭ್ಯಾಸದ ಮೊದಲ ಎರಡು ಪಾಠಗಳಿಗೆ ಅವಲೋಕನದ ಪುಟ ಬೇಡ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕೂತಿರಲಿ, ಪಾಠ ಮುಗಿದ ಮೇಲೆ ಮಾತಾಡಲಿ, ಆದರೆ ಬರೆದುಕೊಳ್ಳುವುದು ಬೇಡ. ಖಾಲಾ ತಮ್ಮ ಹೆಬ್ಬೆರಳಿನಿಂದ ತೋರಿಸಿದ ಹಾಗೆ ತೋರಿಸಿದರೆ ಸಾಕು. ಮೂರನೇ ಪಾಠದಿಂದ ಪುಸ್ತಕ ತೆರೆಯಲಿ. ಹಾಗೆ ಮಾಡಿದರೆ ಹಲಗೆಯ ಮೇಲೆ ಬರೆಯಲು ಹೆದರುವವರು ನಮ್ಮಲ್ಲಿ ಸ್ವಲ್ಪ ಕಡಿಮೆಯಾಗಬಹುದು ಎಂದು ನನ್ನ ನಂಬಿಕೆ. ರಜೆ ಮುಗಿಸಿ ಬಂದಾಗ ರಜಾ ಚಟುವಟಿಕೆಯ ವರದಿ ಕೇಳುವ ರೂಢಿಯೂ ಇದೇ ಸಾಲಿನದು. ಈ ಲೇಖನವೂ ವರದಿಯೇ ಅಲ್ಲವೇನೇ ಎಂದು ಗೆಳತಿ ನಕ್ಕಳು. ಹೌದು, ಆದರೆ ಇದನ್ನು ಯಾರೂ ಕೇಳಲಿಲ್ಲ, ಅಂಕವೂ ಇಲ್ಲ.

ಹುಡುಗನ ಬಳಿ ನಾನು ಅರ್ಧ ತಾಸು ಕೂತಿದ್ದೆ, ಗೋಣಿಚೀಲದ ಮೇಲೆ. ಗಿರಾಕಿ ಬಂದಾಗ ಅವನು ಎದ್ದು ಹೋಗುತ್ತಿದ್ದ, ನಾನು ಹೆಣೆಯುತ್ತಿದ್ದೆ. ಅವನ ಆಯಿ ಕೈ ಚಾಚಿ ಹೆಣಿಗೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಕುಲಾಯೇನವ್ವ? ಯಾರಿಗಿ?” ಅಕ್ಕನ ಕೂಸಿಗೆ ಅಂದೆ. ಅಂಚನ್ನು ಎರಡೂ ಕೈಯಿಂದ ಹಿಗ್ಗಿಸಿ ನೋಡಿದರು. ಹಿಗ್ಗಲಿಲ್ಲ. “ಭಾಳ ಬಿಗಿ ಆಗ್ಯಾದ ನೋಡು. ಕೂಸಿನ ಹಣಿಗಿ ಒತ್ತತದ.” ಹೆಣಿಗೆ ಕಡ್ಡಿಯನ್ನು ಅವರು ಜನ್ಮದಲ್ಲಿ ಹಿಡಿದವರಲ್ಲ. ಕೂಸುಗಳ ಹಣೆ ಬಲ್ಲವರು. ಹುಡುಗ ತಕ್ಕಡಿ ಕೆಳಗಿಟ್ಟು ಬಂದು ತಾನೂ ಒಂದು ಸಲ ಎಳೆದು ನೋಡಿ, ಹೌದ್ರಿ ಟೀಚರ್, ಬಿಗಿ ಅದ ಎಂದ.

ವಾಪಸು ಬರುವ ಬಸ್ಸಿನಲ್ಲಿ ಜನ ಕಡಿಮೆ. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಕಡ್ಡಿ ಹೊರಗೆಳೆದು ಬಿಚ್ಚಲು ಶುರು ಮಾಡಿದ್ದೆ. ಕಂಡಕ್ಟರ್ ನಿಂತು ನೋಡಿದರು.

“ಚಲೋ ಬಂದಿತ್ತಲ್ರಿ, ಯಾಕ ಬಿಚ್ಚಲತ್ತೀರಿ?”

“ಬಿಗಿ ಆಗಿತ್ರಿ” ಅಂದೆ, ನೂಲು ಸುತ್ತುತ್ತ.